ಎಷ್ಟನೇ ಪುಟ?

ಕಳೆದ ಭಾನುವಾರದಿಂದ ನನಗೆ 217 ಅನ್ನುವ ಸಂಖ್ಯೆ ಕಂಡರೆ ಆಗುವುದಿಲ್ಲ. ಬಸ್ಸಿನ ಮೇಲೆ ಕಂಡರೂ ಮುಖ ತಿರುಗಿಸುತ್ತೇನೆ.

ನಾವು ಆರೇಳು ಜನ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಈಗ ಏನು ಓದ್ತಾ ಇದ್ದೀರಿ ಅಂತ ಒಬ್ಬೊಬ್ಬರೂ ಹೇಳಬೇಕು, ಅಷ್ಟೇ. ಎಷ್ಟು ಸಾಧು ಪ್ರಶ್ನೆ, ಅಲ್ವಾ? ಆದರೆ ಇದಕ್ಕೆ ನಿಜ ಹೇಳುವವರನ್ನು ನಾನು ಕಂಡಿದ್ದು ಕಡಿಮೆ. ಒಬ್ಬರು ಸದಾ ಒಟ್ಟಿಗೆ ನಾಲ್ಕು ಪುಸ್ತಕ ಓದುತ್ತಿರುತ್ತಾರೆ. ಹೋದ ವರ್ಷವೂ ಅವೇ ನಾಲ್ಕು. ಇನ್ನೊಬ್ಬರು ಬೆನ್ನುಡಿಯನ್ನು ಎಷ್ಟು ಚೆನ್ನಾಗಿ ಓದುತ್ತಾರೆಂದರೆ ಒಳಗಿನದರ ಅಗತ್ಯವೇ ಬೀಳುವುದಿಲ್ಲ. ಒಬ್ಬ ಅಕ್ಕ ಮಾತ್ರ, "ಮೊಮ್ಮಗಳಿಗೆ ಆನೆ ಕಥೆ ಓದಿ ಹೇಳ್ತಿದ್ದೀನಪ್ಪಾ" ಅಂದರು. ಇಡೀ ಕೋಣೆಯಲ್ಲಿ ನಿಜಕ್ಕೂ ಓದುತ್ತಿದ್ದವರು ಅವರೊಬ್ಬರೇ ಅಂತ ನನ್ನ ಗುಮಾನಿ.

ನನ್ನದು 608 ಪುಟಗಳ ಕಾದಂಬರಿ. ಎಂಟು ತಿಂಗಳಿಂದ 43ನೇ ಪುಟದಲ್ಲಿದ್ದೇನೆ. ಆ ಪುಟದಲ್ಲಿ ಒಬ್ಬ ಮೆಟ್ಟಿಲು ಇಳಿಯಲು ಶುರು ಮಾಡುತ್ತಾನೆ. ಅವನು ನಾಲ್ಕನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ನನಗೆ ನಿದ್ದೆ. ಮಾರನೇ ರಾತ್ರಿ ನೆನಪಿರುವುದಿಲ್ಲ, ಮತ್ತೆ ಪುಟದ ತಲೆಯಿಂದ. ಪಾಪ, ಎಂಟು ತಿಂಗಳಿಂದ ಇಳಿಯುತ್ತಲೇ ಇದ್ದಾನೆ. ಹಾಗಂತ ನಾನೇನೂ ಓದಿಲ್ಲ ಅನ್ನಬೇಡಿ. ಒಳರಟ್ಟಿನ ನಂತರದ ಪುಟ ನನಗೆ ಬಾಯಿಪಾಠ. ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಹಕ್ಕು ಯಾರದು, ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೊ. ಎಲ್ಲವನ್ನೂ ನಿದ್ದೆಗಣ್ಣಲ್ಲೂ ಹೇಳಬಲ್ಲೆ.

ನನ್ನಂಥವರಿಗೆ ಜೋರ್ಡನ್ ಎಲೆನ್‌ಬರ್ಗ್ ಎಂಬ ಗಣಿತದ ಮೇಷ್ಟ್ರು ಒಂದು ಉಪಕಾರ ಮಾಡಿದ್ದಾರೆ. ಇ-ಪುಸ್ತಕದಲ್ಲಿ ಓದುಗರು ಅತಿ ಹೆಚ್ಚು ಗೆರೆ ಎಳೆದ ಐದು ಸಾಲುಗಳು ಯಾವ ಯಾವ ಪುಟದಲ್ಲಿವೆ ಅಂತ ನೋಡಿ, ಜನ ಎಲ್ಲಿಯ ತನಕ ಓದಿ ಕೈಬಿಟ್ಟಿರಬಹುದು ಎಂದು 2014ರಲ್ಲಿ ತಮಾಷೆಗೆ ಒಂದು ಲೆಕ್ಕ ಹಾಕಿದರು. ಸ್ಟೀಫನ್ ಹಾಕಿಂಗ್ ಅವರ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್' ಪುಸ್ತಕಕ್ಕೆ ಬಂದಿದ್ದು ಶೇ. 6.6. ಆ ಸೂಚ್ಯಂಕಕ್ಕೆ ಹಾಕಿಂಗ್ ಹೆಸರನ್ನೇ ಇಟ್ಟರು. 608ರಲ್ಲಿ 43 ಅಂದರೆ ಶೇ. 7.07. ನಾನು ಪರವಾಗಿಲ್ಲ ಅಂತ ಎರಡು ದಿನ ಖುಷಿಯಾಗಿದ್ದೆ.

ಆಡಿಟ್ ಸರ್ ಇಲ್ಲದಿದ್ದರೆ ಆ ಖುಷಿ ಹಾಗೇ ಇರುತ್ತಿತ್ತು.

ಲೆಕ್ಕಪತ್ರ ತಪಾಸಣೆ ಮಾಡಿಕೊಂಡಿದ್ದು ನಿವೃತ್ತರಾದವರು. ಪುಸ್ತಕದ ವಿಷಯ ಎತ್ತಿದರೆ ಕಥೆ ಹೇಗಿದೆ, ಭಾಷೆ ಹೇಗಿದೆ, ಏನೂ ಕೇಳುವುದಿಲ್ಲ. "ಎಷ್ಟನೇ ಪುಟ?" ಅನ್ನುತ್ತಾರೆ. ತಾವು ಓದುತ್ತಿರುವುದನ್ನೂ ಹಾಗೇ ಹೇಳುತ್ತಾರೆ: "ನಾನು 340 ದಾಟಿದೆ. ರಾತ್ರಿ ಹೊತ್ತಿಗೆ 360 ಮುಟ್ತೀನಿ." ಪುಸ್ತಕವೋ ರೈಲೋ ಅನ್ನುವ ಅನುಮಾನ ನಮಗೆ. ಮುಗಿದ ಅಧ್ಯಾಯದ ಕೆಳಗೆ ಪೆನ್ಸಿಲಿನಲ್ಲಿ ಟಿಕ್ ಹಾಕಿ, ತಾರೀಕು ಬರೆದು, ಚಿಕ್ಕ ಸಹಿ ಮಾಡುತ್ತಾರೆ. ಒಮ್ಮೆ ಯಾರೋ ಒಂದು ಪುಸ್ತಕ ಓದಿ ಅತ್ತೆ ಅಂದಾಗಲೂ ಕೇಳಿದ್ದು ಅದನ್ನೇ. "ಅಳು ಬಂದಿದ್ದು ಎಷ್ಟನೇ ಪುಟದಲ್ಲಿ?" ಬರೆದುಕೊಂಡರು ಕೂಡ.

ಎಂಟು ತಿಂಗಳಲ್ಲಿ ನಾನು ಅವರಿಗೆ ಎಂಟು ಸಲ "43" ಎಂದಿದ್ದೆ. ಏಳನೇ ಸಲ ಅವರು "ಹಳೇ ಬಾಕಿ" ಅಂದು ಸುಮ್ಮನಾದರು. ಅದು ನಾಟಿತು. ಹಾಗಾಗಿ ಭಾನುವಾರ ಮನೆಯಿಂದ ಹೊರಡುವಾಗ, ಚಪ್ಪಲಿ ಮೆಟ್ಟುತ್ತಾ, ಪುಸ್ತಕದ ಗುರುತಿನ ಚೀಟಿಯನ್ನು ಕಿತ್ತು ಸುಮ್ನೆ ಕೈಗೆ ಬಂದ ಕಡೆ ತುರುಕಿದೆ. 217. ಗೌರವಾನ್ವಿತ ಸಂಖ್ಯೆ ಅನ್ನಿಸಿತು.

"ಎಷ್ಟನೇ ಪುಟ?"

"217 ಸರ್."

"ಭೇಷ್!" ಎಂದು ಪುಸ್ತಕ ಇಸಿದುಕೊಂಡರು. ಚೀಟಿ ಇದ್ದ ಕಡೆ ತೆರೆದರು. ಒಂದು ಹಾಳೆ ಹಿಂದಕ್ಕೆ ತಿರುಗಿಸಲು ಹೋದರು, ನಾಲ್ಕು ಹಾಳೆ ಒಟ್ಟಿಗೇ ಬಂತು.

ಪುಸ್ತಕವನ್ನು ಒಂದೊಂದೇ ಪುಟವಾಗಿ ಅಚ್ಚು ಹಾಕುವುದಿಲ್ಲ, ನಿಮಗೂ ಗೊತ್ತಿರಬಹುದು. ದೊಡ್ಡ ಹಾಳೆಯ ಎರಡೂ ಕಡೆ ಮುದ್ರಿಸಿ, ಮಡಚಿ ಮಡಚಿ, ಸಾಮಾನ್ಯವಾಗಿ 16 ಪುಟದ ಒಂದು ಫಾರಂ ಮಾಡುತ್ತಾರೆ. ಹೊಲಿದ ಮೇಲೆ ಅಂಚು ಕತ್ತರಿಸಿದಾಗ ಮಡಿಕೆ ಬಿಟ್ಟುಕೊಂಡು ಹಾಳೆ ಬೇರೆಯಾಗುತ್ತದೆ. ಎಲ್ಲೋ ಒಂದು ಫಾರಂ ಕೂದಲೆಳೆಯಷ್ಟು ಒಳಗೆ ಕೂತಿದ್ದರೆ ಬ್ಲೇಡಿಗೆ ಸಿಗುವುದಿಲ್ಲ. 608 ಪುಟದಲ್ಲಿ ಹಾಗೆ ಸಿಗದೇ ಉಳಿದಿದ್ದು 209ರಿಂದ 216. ಮೇಲಿನ ಅಂಚು ಕೂಡಿಕೊಂಡು ಅಂಗಿಯ ಜೇಬಿನ ಹಾಗೆ ಆಗಿತ್ತು.

ಸರ್ ಏನೂ ಹೇಳಲಿಲ್ಲ. ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರು. ಕೆಳಗಿನಿಂದ ಆ ಜೇಬಿನೊಳಕ್ಕೆ ಇಣುಕಿದರು. ಒಂದು ಕಣ್ಣು ಮುಚ್ಚಿ ಇಣುಕಿದರು. ಕನ್ನಡಕ ತೆಗೆದು ಇಣುಕಿದರು. ಕೋಣೆ ಗಪ್‌ಚುಪ್. ಬೆನ್ನುಡಿಯವರಂತೂ ಉಸಿರು ಬಿಗಿಹಿಡಿದಿದ್ದರು, ಮುಂದಿನ ಸರದಿ ಅವರದು. ಕೊನೆಗೆ ಸರ್ ನಿಜವಾದ ಕುತೂಹಲದಿಂದ ಕೇಳಿದರು: "ಇಲ್ಲಿ ಹೇಗೆ ಓದಿದ್ರಿ?"

"ಇಣುಕಿ ಸರ್" ಅಂದೆ.

ಅಕ್ಕ ನಕ್ಕ ನಗುವಿಗೆ ಮೊಮ್ಮಗಳು ಒಳಗಿನಿಂದ ಓಡಿ ಬಂದಳು.

ಮನೆಗೆ ಬರುವ ದಾರಿಯಲ್ಲಿ, ಯಾಕೋ, ಚಿಕ್ಕಂದಿನ ಒಂದು ಪುಸ್ತಕ ನೆನಪಾಯಿತು. ರಟ್ಟು ಇರಲಿಲ್ಲ. ಶುರುವಾಗುತ್ತಿದ್ದುದೇ 17ನೇ ಪುಟದಿಂದ. ಮೊದಲ ಫಾರಂ ಪೂರ್ತಿ ಕಿತ್ತು ಹೋಗಿತ್ತು ಅಂತ ಈಗ ಅರ್ಥವಾಗುತ್ತದೆ. ಕೊನೆಯ ಹಾಳೆಗಳೂ ಇರಲಿಲ್ಲ. ಅಮ್ಮ ಕರೆದರೆ "ಬಂದೇ" ಎಂದು ಕೂಗಿ, ಹೋಗದೆ, ಮಂಚದ ಕೆಳಗೆ ಕೂತು ಅದನ್ನು ಎಷ್ಟು ಸಲ ಓದಿದೆನೋ. ಹೆಸರು ಇವತ್ತಿಗೂ ಗೊತ್ತಿಲ್ಲ. ಏನೋ ಓದ್ತಿದ್ದೀಯಾ ಅಂತ ಆಗ ಯಾರಾದರೂ ಕೇಳಿದ್ದರೆ "ಪುಸ್ತಕ" ಅಂತಿದ್ದೆ.

ಅಂದ ಹಾಗೆ, ಆಡಿಟ್ ಸರ್ ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದು ಆ ಹಾಳೆಗಳನ್ನು ಅಲ್ಲೇ ಬಿಡಿಸಿಕೊಟ್ಟರು. "ಈಗ ಓದಿ" ಎಂದು ಎದುರಿಗೇ ಕೂತರು. ಎಂಟೂ ಪುಟ ಓದಿದೆ, ಏನು ಮಾಡುವುದು. ನಮ್ಮ ಮೆಟ್ಟಿಲಿನವನು ಸತ್ತು ಆಗಲೇ ಎರಡು ವರ್ಷವಾಗಿದೆಯಂತೆ.

ನಿನ್ನೆ ರಾತ್ರಿ ಮತ್ತೆ 43ಕ್ಕೆ ಬಂದೆ. ಮೊದಲ ಸಲ ನಿದ್ದೆ ಬರಲಿಲ್ಲ. ಅವನು ಮೂರನೇ ಮೆಟ್ಟಿಲಿಗೆ ಬಂದಾಗ ನಾನೇ ಪುಸ್ತಕ ಮುಚ್ಚಿದೆ. ನಿಧಾನಕ್ಕೆ ಇಳಿಯಲಿ, ಅವನಿಗೇನು ಅವಸರ.