ಹೊಸ ಪಿಸ್ತೂಲು ಕಚ್ಚಿಕೊಂಡಾಗ: ಅಲ್ಲಿಯ ರೀತಿ, ಇಲ್ಲಿಯ ರೀತಿ

ಅಂಗಡಿಯಿಂದ ತಂದ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಮೊದಲ ದಿನವೇ ತಡವರಿಸಿದರೆ ಇಲ್ಲಿ, ಅಮೆರಿಕದ ಶೂಟಿಂಗ್ ರೇಂಜುಗಳಲ್ಲಿ, ಪಕ್ಕದವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: "ಇನ್ನೊಂದಿನ್ನೂರು ಗುಂಡು ಹೊಡಿ, ತಾನೇ ಪಳಗುತ್ತೆ." ನಮ್ಮ ಕಡೆ, ಅಂದರೆ ಭಾರತದಲ್ಲಿ, ಕೋವಿ ಇಟ್ಟುಕೊಂಡವರ ರೀತಿ ಇದಕ್ಕೆ ತಿರುಗುಮುರುಗು. ಕೈ ಹಾಕಬೇಡ, ರಿಪೇರಿಯವನಿಗೆ ಕೊಡು ಅನ್ನುತ್ತಾರೆ. ಜೋಡುನಳಿಗೆ ಕೋವಿಗೆ ಆ ಮಾತು ಸಾಕು, ಯಾಕೆಂದರೆ ಅದನ್ನು ಮಡಚಿ ತೆರೆದು ತೋಟಾ ಹಾಕಿ ಮುಚ್ಚಿದರೆ ಆಯಿತು, ಒಳಗೆ ತಾನಾಗಿ ಓಡಾಡುವ ಭಾಗ ಕಡಿಮೆ. ಪಿಸ್ತೂಲಿನಲ್ಲಿ ಪ್ರತಿ ಗುಂಡಿಗೂ ಮೇಲಿನ ಜಾರುವ ಭಾಗವಾದ ಸ್ಲೈಡ್ ಹಿಂದೆ ಹೋಗಿ, ಖಾಲಿ ಕೇಸನ್ನು (ತೋಟಾದ ಚಿಪ್ಪನ್ನು) ಎಳೆದು ಹೊರಗೆಸೆದು, ಮುಂದೆ ಬರುವಾಗ ಹೊಸ ತೋಟಾವನ್ನು ಹಿಡಿಯೊಳಗಿನ ತೋಟಾ ಗೂಡಾದ ಮ್ಯಾಗಜೀನಿನಿಂದ ತಳ್ಳಿಕೊಂಡು ಬ್ಯಾರೆಲಿನ (ನಳಿಗೆಯ) ಹಿಂತುದಿಯ ಚೇಂಬರಿಗೆ ತುಂಬಬೇಕು. ಇದರಲ್ಲಿ ಯಾವ ಹಂತ ತಪ್ಪಿತು ಎಂದು ನೋಡದೆ ಗುಂಡು ಸುರಿಯುವುದೂ ಸರಿಯಲ್ಲ, ನೋಡದೆ ಬೇರೆಯವರ ಕೈಗೆ ಕೊಡುವುದೂ ಸರಿಯಲ್ಲ ಎನ್ನುವುದು ನನ್ನ ವಾದ.

ಪಳಗಿಸುವ ಮಾತು ಪೂರ್ತಿ ಸುಳ್ಳೇನಲ್ಲ. ಕಾರ್ (Kahr) ಆರ್ಮ್ಸ್ ಎಂಬ ಪಿಸ್ತೂಲು ಕಂಪನಿ ತನ್ನ ಪುಟ್ಟ ಪಿಸ್ತೂಲುಗಳಿಗೆ 200 ಗುಂಡು ಹೊಡೆದ ಮೇಲೆಯೇ ಭರವಸೆ ಇಡಿ ಎಂದು ಕೈಪಿಡಿಯಲ್ಲೇ ಬರೆಯುತ್ತದೆ. ಚಿಕ್ಕ ಪಿಸ್ತೂಲಿನಲ್ಲಿ ಸ್ಲೈಡನ್ನು ಮುಂದಕ್ಕೆ ಮರಳಿಸುವ ರಿಕಾಯಿಲ್ ಸ್ಪ್ರಿಂಗ್ ಹೊಸದರಲ್ಲಿ ಬಿಗಿ. 115 ಗ್ರೇನಿನ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಸಪ್ಪೆ ತೋಟಾ ಹಾಕಿದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಅರ್ಧಕ್ಕೇ ಮರಳಬಹುದು. ಅಂಥ ಕಡೆ 124 ಗ್ರೇನಿನ, ತಾಮ್ರದ ಕವಚವಿರುವ ಉರುಟು ಮೂತಿಯ ತೋಟಾದಿಂದ ಶುರು ಮಾಡುವುದು ಒಳ್ಳೆಯದು. ಆದರೆ ಭಾರತದಲ್ಲಿ ಲೈಸೆನ್ಸಿನ ಮೇಲೆಯೇ ತೋಟಾಗಳ ಮಿತಿ ಬರೆದಿರುವಾಗ ಇನ್ನೂರು ಗುಂಡನ್ನು ಹೊಡೆದು ನೋಡು ಅನ್ನುವುದು ಬಾಯಿಮಾತಷ್ಟೇ. ಕೈಯಲ್ಲಿ ಹತ್ತೇ ತೋಟಾ ಇದ್ದವನು ಹತ್ತನ್ನೂ ಗಮನಿಸಿ ಹೊಡೆಯುತ್ತಾನೆ, ಆ ಶಿಸ್ತನ್ನು ಇಲ್ಲಿಯವರು ಕಲಿಯಬೇಕು. ಇಲ್ಲಿಯವರಿಂದ ನಾವು ಕಲಿಯಬೇಕಾದದ್ದು ಪಿಸ್ತೂಲನ್ನು ತಾನೇ ಬಿಚ್ಚಿ ಜೋಡಿಸುವ ಧೈರ್ಯ.

ಬಿಚ್ಚುವ ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆಯಿರಿ. ಈ ಕ್ರಮ ಅದಲುಬದಲಾದರೆ ಚೇಂಬರಿನ ತೋಟಾ ಹೊರಬಿದ್ದು ಅದರ ಜಾಗಕ್ಕೆ ಮ್ಯಾಗಜೀನಿನಿಂದ ಇನ್ನೊಂದು ಬಂದು ಕೂತಿರುತ್ತದೆ. ಸ್ಲೈಡನ್ನು ಹಿಂದೆ ಲಾಕ್ ಮಾಡಿ ಕಣ್ಣಿಂದ ನೋಡಿ, ಕಿರುಬೆರಳು ತೂರಿಸಿ ಮುಟ್ಟಿಯೂ ನೋಡಿ. ಗ್ಲಾಕ್‌ನಂಥ ಪಿಸ್ತೂಲು ಬಿಚ್ಚಲು ಟ್ರಿಗರ್ ಒತ್ತಲೇಬೇಕು, ಬಿಚ್ಚುವಾಗ ಗುಂಡು ಹಾರುವ ಅನಾಹುತಗಳು ಆಗುವುದು ಈ ಗಳಿಗೆಯಲ್ಲೇ. ತೋಟಾದ ಡಬ್ಬಿ ಆ ಕೋಣೆಯಲ್ಲೇ ಇರಬಾರದು.

ಕಾರ್ಖಾನೆಯಲ್ಲಿ ಹಚ್ಚಿ ಕಳಿಸುವ ಎಣ್ಣೆ ಹೆಚ್ಚಾಗಿ ತುಕ್ಕು ಹಿಡಿಯದಿರಲೆಂದು ಹಾಕಿದ್ದು, ಓಡಾಟಕ್ಕಲ್ಲ. ಅದನ್ನು ಒರೆಸಿ ತೆಗೆದು, ಸ್ಲೈಡ್ ಓಡುವ ಹಳಿಗಳಿಗೆ ಒಂದೊಂದು ಹನಿ, ಬ್ಯಾರೆಲಿನ ಹೊರಮೈಗೆ ಒಂದು ತೆಳು ಪದರ ಹಚ್ಚಿದರೆ ಸಾಕು. ಗ್ಲಾಕ್ ಸ್ಲೈಡಿನೊಳಗೆ ಕಾಣುವ ತಾಮ್ರದ ಬಣ್ಣದ ಗ್ರೀಸನ್ನು ಮಾತ್ರ ಹಾಗೇ ಬಿಡಿ, ಕಂಪನಿಯೇ ಬಿಡಲು ಹೇಳುತ್ತದೆ. ತೋಟಾದ ಬೆನ್ನಿಗೆ ಹೊಡೆಯುವ ಫೈರಿಂಗ್ ಪಿನ್ ಓಡುವ ಕೊಳವೆಗೆ ಎಣ್ಣೆ ಬೇಡವೇ ಬೇಡ. ಅಲ್ಲಿ ಎಣ್ಣೆಯೂ ಮಸಿಯೂ ಸೇರಿ ಅಂಟಾದರೆ ಪಿನ್ನಿನ ಹೊಡೆತ ಮೆತ್ತಗಾಗಿ, ತೋಟಾದ ಬೆನ್ನಿನಲ್ಲಿ ಕಿಡಿ ಹೊತ್ತಿಸುವ ಪ್ರೈಮರಿನಲ್ಲಿ ಚಿಕ್ಕ ಗುಳಿ ಬೀಳುತ್ತದೆ, ಸಿಡಿಯುವುದಿಲ್ಲ.

ಮರುಜೋಡಣೆಯಲ್ಲಿ ಹೊಸಬರು ಎಡವುವುದು ರಿಕಾಯಿಲ್ ಸ್ಪ್ರಿಂಗಿನ ಹತ್ತಿರ. ಬ್ಯಾರೆಲಿನ ಕೆಳಗಿನ ಉಬ್ಬಿನಲ್ಲಿ ಅರ್ಧಚಂದ್ರದಂಥ ಒಂದು ಕಚ್ಚು ಇರುತ್ತದೆ. ಸ್ಪ್ರಿಂಗಿನ ನಡುವಿನ ಕಡ್ಡಿಯಾದ ಗೈಡಿನ ಹಿಂತುದಿ ಅದರೊಳಗೆ ಕೂರಬೇಕು. ಒಂದು ಕೂದಲು ಮೇಲೋ ಕೆಳಗೋ ಕೂತರೂ ಸ್ಲೈಡ್ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಜೋಡಣೆಯಾದ ಹಾಗೆ ಕಂಡು ಕೊನೆಗೆ ಪೂರ್ತಿ ಮುಚ್ಚುವುದಿಲ್ಲ. ಸ್ಲೈಡನ್ನು ಚೌಕಟ್ಟಿಗೆ ಏರಿಸುವ ಮೊದಲು ತಿರುಗಿಸಿ ಹಿಡಿದು ಆ ಕಚ್ಚನ್ನು ನೋಡುವುದು ಎರಡು ಸೆಕೆಂಡಿನ ಕೆಲಸ. ಸಿಕ್ಕಿಕೊಂಡರೆ ಸುತ್ತಿಗೆ ಮುಟ್ಟಬೇಡಿ, ಮುಂದಕ್ಕೆ ಅಲುಗಿಸಿ ತೆಗೆದು ಮತ್ತೆ ಕೂರಿಸಿ. ಸಿಝಡ್ 75 ಮಾದರಿಯ ಪಿಸ್ತೂಲಿನಲ್ಲಿ, ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಸ್ಲೈಡ್ ಸ್ಟಾಪಿನ ಪಿನ್ ಬ್ಯಾರೆಲಿನ ಉಬ್ಬನ್ನು ಹಾಯ್ದು ಹೋಗಬೇಕು. ಹೋಗದಿದ್ದರೆ ತಪ್ಪು ಪಿನ್ನಿನದಲ್ಲ, ಒಳಗೆ ಗೈಡೋ ಬ್ಯಾರೆಲೋ ಸರಿಯಾಗಿ ಕೂತಿಲ್ಲ. 1911 ಮಾದರಿಯದು ಇನ್ನೂ ತರಲೆ. ಬಿಚ್ಚುವಾಗ ಮುಂದಿನ ಪ್ಲಗ್ ಸ್ಪ್ರಿಂಗಿನ ಒತ್ತಡಕ್ಕೆ ಚಿಮ್ಮಿ ಮುಖಕ್ಕೆ ಹೊಡೆಯಬಹುದು, ಹೆಬ್ಬೆರಳಿಂದ ಅದುಮಿ ಹಿಡಿದೇ ಬ್ಯಾರೆಲಿನ ಮೂತಿಯ ಸುತ್ತಲಿನ ಬಳೆ, ಅಂದರೆ ಬುಶಿಂಗ್, ತಿರುಗಿಸಬೇಕು. ಜೋಡಿಸುವಾಗ ಬ್ಯಾರೆಲಿನ ಅಡಿಯ ಲಿಂಕಿನ (ಕೊಂಡಿಯ) ತೂತು ಚೌಕಟ್ಟಿನ ತೂತಿಗೆ ನೇರ ಬರುವವರೆಗೆ ಪಿನ್ ಹೋಗುವುದಿಲ್ಲ. ಅವಸರಪಟ್ಟು ಸ್ಲೈಡ್ ಸ್ಟಾಪನ್ನು ಮೇಲಕ್ಕೆ ಉಜ್ಜಿದವರ ಪಿಸ್ತೂಲಿನ ಮೈಮೇಲೆ ಕಮಾನಿನಂಥ ಗೀರು ಶಾಶ್ವತ.

ಜೋಡಿಸಿದ ಮೇಲೆ, ಖಾಲಿ ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಟ್ರಿಗರ್ ಒತ್ತಿ. ಒತ್ತಿ ಹಿಡಿದುಕೊಂಡೇ ಸ್ಲೈಡ್ ಎಳೆದು ಬಿಡಿ, ನಿಧಾನಕ್ಕೆ ಟ್ರಿಗರ್ ಬಿಡಿ, "ಟಿಕ್" ಎಂದು ಮರಳಿದ್ದು ಬೆರಳಿಗೆ ತಿಳಿಯಬೇಕು. ಮತ್ತೆ ಒತ್ತಿದರೆ ಹೊಡೆದ ಸದ್ದು ಬರಬೇಕು. ಖಾಲಿ ಮ್ಯಾಗಜೀನ್ ಹಾಕಿ ಸ್ಲೈಡ್ ಎಳೆದರೆ ಹಿಂದೆಯೇ ನಿಲ್ಲಬೇಕು.

ಇನ್ನು ಗುಂಡು ಹೊಡೆಯುವಾಗಿನ ತೊಂದರೆ. ಮ್ಯಾಗಜೀನುಗಳಿಗೆ ಒಂದು, ಎರಡು ಎಂದು ಬಣ್ಣದಲ್ಲಿ ಬರೆದುಕೊಳ್ಳಿ. ತೋಟಾದ ಮೂತಿ ಕೆಳಗೆ ಬಾಗಿ, ಚೇಂಬರಿಗೆ ಏರುವ ಇಳಿಜಾರಾದ ರ‍್ಯಾಂಪಿಗೆ ಗುದ್ದಿ ನಿಲ್ಲುವುದು ಒಂದನೇ ನಂಬರಿನಲ್ಲಿ ಮಾತ್ರ ಆದರೆ ಪಿಸ್ತೂಲು ನಿರಪರಾಧಿ. ಎಲ್ಲದರಲ್ಲೂ ಆದರೆ ಮೊದಲು ತೋಟಾದ ಬ್ರ್ಯಾಂಡ್ ಬದಲಿಸಿ, ಒಮ್ಮೆಗೆ ಒಂದೇ ಬದಲಾವಣೆ. ಡ್ರಿಲ್ ಮಿಷನ್ನಿಗೆ ಪಾಲಿಶ್ ಚಕ್ರ ಸಿಕ್ಕಿಸಿ ರ‍್ಯಾಂಪ್ ಉಜ್ಜುವ ಚಟ ಇಲ್ಲಿ ಬಹಳ. ಅದರ ಕೋನ ಕೆಟ್ಟರೆ ಬ್ಯಾರೆಲೇ ಹೋಯಿತು.

ಸ್ಲೈಡ್ ಪೂರ್ತಿ ಮುಚ್ಚಲು ಎರಡು ಮೂರು ಮಿಲಿಮೀಟರ್ ಬಾಕಿ ಉಳಿದು ನಿಂತರೆ ಬ್ಯಾರೆಲನ್ನು ಬಿಚ್ಚಿ ತೋಟಾವನ್ನು ಚೇಂಬರಿಗೆ ಬಿಟ್ಟು ನೋಡಿ. "ಟಕ್" ಎಂದು ಬಿದ್ದು, ಬೆರಳಿಗೆ ಸಲೀಸಾಗಿ ತಿರುಗಿ, ಬ್ಯಾರೆಲ್ ಬೋರಲು ಮಾಡಿದರೆ ತಾನೇ ಹೊರಬೀಳಬೇಕು. ಹಾಗಾಗದಿದ್ದರೆ ತೋಟಾ ಉಬ್ಬಿದೆ ಅಥವಾ ಚೇಂಬರ್ ಕೊಳೆಯಾಗಿದೆ. ಸ್ಲೈಡನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದೆ ಬಿಡುವುದರಿಂದಲೂ ಇದೇ ತೊಂದರೆ. ಪೂರ್ತಿ ಎಳೆದು ಕೈ ಬಿಟ್ಟುಬಿಡಿ.

ಖಾಲಿ ಕೇಸು ಒಲೆಯ ಹೊಗೆಕೊಳವೆಯಂತೆ ನೆಟ್ಟಗೆ ನಿಂತು ಸಿಕ್ಕಿಕೊಂಡರೆ ಸಡಿಲ ಮಣಿಕಟ್ಟಿನ ಮೇಲೆ ಅನುಮಾನ ಮೊದಲು, ಸಪ್ಪೆ ತೋಟಾದ ಮೇಲೆ ಆಮೇಲೆ, ಖಾಲಿ ಕೇಸನ್ನು ಎಳೆಯುವ ಕೊಕ್ಕೆಯಾದ ಎಕ್ಸ್‌ಟ್ರ್ಯಾಕ್ಟರಿನ ಮೇಲೆ ಕೊನೆಗೆ. ಅನುಭವಿಯೊಬ್ಬರ ಕೈಗೆ ಕೊಟ್ಟು ಅದೇ ತೋಟಾ ಹೊಡೆಸಿದರೆ ಉತ್ತರ ತಕ್ಷಣ ಸಿಗುತ್ತದೆ. ಕೊನೆಯ ಗುಂಡಿನ ಮೇಲೆ ಸ್ಲೈಡ್ ಹಿಂದೆ ನಿಲ್ಲದಿದ್ದರೆ ನಿಮ್ಮ ಹೆಬ್ಬೆರಳು ಸ್ಲೈಡ್ ಸ್ಟಾಪಿನ ಮೇಲೆ ಒರಗಿದೆಯೇ ನೋಡಿ. ಇದನ್ನು ಕಂಪನಿಗೆ ವಾಪಸು ಕಳಿಸಿ ದುರಸ್ತಿ ಕೇಳುವವರೂ ಇದ್ದಾರೆ!

ಟ್ರಿಗರ್ ಒತ್ತಿದರೂ ಸಿಡಿಯದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡಾದರೂ ಕಾಯಿರಿ, ತಡವಾಗಿ ಸಿಡಿಯುವುದುಂಟು. "ಪುಸ್" ಎಂಬ ಸಣ್ಣ ಸದ್ದು ಬಂದರೆ ಅಲ್ಲಿಗೆ ನಿಲ್ಲಿಸಿ. ಗುಂಡು ಬ್ಯಾರೆಲಿನಲ್ಲೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರೆಲ್ ಸೀಳಬಹುದು. ಇದಕ್ಕೆ, ಮತ್ತು ಮುರಿದ ಎಕ್ಸ್‌ಟ್ರ್ಯಾಕ್ಟರಿಗೆ, ನಮ್ಮ ಕಡೆಯವರ ಮಾತೇ ಸರಿ: ರಿಪೇರಿಯವನಿಗೆ ಕೊಡಿ. ಕೊಡುವಾಗ ಯಾವ ಮ್ಯಾಗಜೀನ್, ಯಾವ ತೋಟಾ, ಎಷ್ಟನೇ ಗುಂಡು ಎಂದು ಬರೆದ ಚೀಟಿಯೂ ಜೊತೆಗಿರಲಿ.