ಆ ಫೈಲ್ ಒಂದು ಸಲ ತೆರೆದು ನೋಡಿ ಡಾಕ್ಟ್ರೇ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಪಕ್ಕದ ರಸ್ತೆಯ ಅಕ್ಕನ ಜೊತೆ ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೋಗಿದ್ದೆ. ಗಂಡನ ಕೆಲಸಕ್ಕಾಗಿ ಇಂಗ್ಲೆಂಡಿಗೆ ಬಂದವರು, ಇಲ್ಲಿಗೆ ಇನ್ನೂ ಹೊಸಬರು. ಶುಗರ್ ಇದೆ. ಊರಿಂದ ಬರುವಾಗ ತುಂಬಾ ಜೋಪಾನವಾಗಿ ಒಂದು ನೀಲಿ ಫೈಲ್ ತಂದಿದ್ದಾರೆ. ರಕ್ತಪರೀಕ್ಷೆ, ಕಣ್ಣಿನ ರಿಪೋರ್ಟ್, ಮಾತ್ರೆ ಚೀಟಿ, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದಾರೆ.

ಡಾಕ್ಟರ್ ಅದನ್ನು ತೆರೆಯಲೇ ಇಲ್ಲ. 'ಇದು ನಮ್ಮ ಸಿಸ್ಟಮ್‌ನಲ್ಲಿ ಇಲ್ಲ' ಅಂದರು. ಯಾವ ಮಾತ್ರೆ ಅಂತ ಕೇಳಿದರು. ಅಕ್ಕ ಗ್ಲೈಕೋಮೆಟ್ ಅಂದರು. ಆ ಹೆಸರು ಗೊತ್ತಿಲ್ಲ, ಅದು ಇಲ್ಲಿ ಸಿಗಲ್ಲ ಅಂದರು. ಅಕ್ಕ ಬ್ಯಾಗಿನಿಂದ ಸ್ಟ್ರಿಪ್ ತೆಗೆದು ಹಿಂದೆ ತಿರುಗಿಸಿ ತೋರಿಸಿದರು. ಸಣ್ಣ ಅಕ್ಷರದಲ್ಲಿ ಮೆಟ್‌ಫಾರ್ಮಿನ್ ಅಂತ ಇತ್ತು. ಟೈಪ್ 2 ಡಯಾಬಿಟಿಸ್‌ಗೆ ಇಡೀ ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮಾತ್ರೆ ಅದೇ! ಅಷ್ಟರಲ್ಲಿ 10 ನಿಮಿಷ ಮುಗಿದಿತ್ತು. ಹೊಸ ರಕ್ತಪರೀಕ್ಷೆ ಮಾಡಿಸಿ, ರಿಪೋರ್ಟ್ ಬಂದ ಮೇಲೆ ನೋಡೋಣ ಅಂದರು. ಅಲ್ಲಿಯವರೆಗೆ ಮಾತ್ರೆ ಖಾಲಿಯಾದರೆ ಏನು ಮಾಡಬೇಕು ಅಂತ ಕೇಳುವ ಹೊತ್ತಿಗೆ ನಾವು ಕಾರಿಡಾರ್‌ನಲ್ಲಿದ್ದೆವು.

ಅಕ್ಕ ಏನೂ ಮಾತಾಡಲಿಲ್ಲ. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ.

ವಿದೇಶದ ಆಸ್ಪತ್ರೆ ಅಂದ ತಕ್ಷಣ ನಮ್ಮವರು ಸ್ಕ್ಯಾನಿಂಗ್ ಮಷೀನು, ಸ್ವಚ್ಛತೆ ಅಂತಲೇ ಶುರು ಮಾಡುತ್ತಾರೆ. ಅವೆಲ್ಲ ಇವೆ. ಆದರೆ ಎದುರಿಗೆ ಕೂತವರ ಹಿಂದಿನ ಕಥೆ ಕೇಳದೆ ಕೊಡುವ ಚಿಕಿತ್ಸೆಯನ್ನು ಒಳ್ಳೆಯದು ಅಂತ ನಾನು ಹೇಗೆ ಒಪ್ಪಲಿ? ಹೊಸ ದೇಶಕ್ಕೆ ಬಂದ ಮಾತ್ರಕ್ಕೆ ನಮ್ಮ ಕಾಯಿಲೆಗೆ ಹೊಸ ಹುಟ್ಟುಹಬ್ಬ ಬರುತ್ತದಾ?

ಲೆಕ್ಕ ಬೇರೆ ಅಂತ ಒಪ್ಪುತ್ತೇನೆ. ನಮ್ಮ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ) ಶೇಕಡಾವಾರು ಇರುತ್ತದೆ. ಇಲ್ಲಿ ಮಿಲಿಮೋಲ್ ಲೆಕ್ಕ. ಅಲ್ಲಿನ 8 ಇಲ್ಲಿ 64 ಆಗುತ್ತದೆ. ರಕ್ತದ ಸಕ್ಕರೆಯನ್ನು 18ರಿಂದ ಭಾಗಿಸಿದರೆ ಇಲ್ಲಿನ ಅಂಕಿ ಸಿಗುತ್ತದೆ. ಎದುರಿಗೇ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದೇನು ದೊಡ್ಡ ಕೆಲಸ? ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 24 ಇದೆ, ತೂಕ ಸರಿಯಾಗಿದೆ ಅಂತಲೂ ಹೇಳಿಬಿಟ್ಟರು. ದಕ್ಷಿಣ ಏಷ್ಯಾದವರಿಗೆ 23ಕ್ಕೇ ಅಪಾಯ ಜಾಸ್ತಿಯಾಗಲು ಶುರು, 27.5 ದಾಟಿದರೆ ಇನ್ನೂ ಹೆಚ್ಚು ಅಂತ ಹೇಳಿರುವುದು ನಾನಲ್ಲ, ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಇಲ್ಲಿನ ನೈಸ್ ಸಂಸ್ಥೆ. ಇವರದೇ ದೇಶದ ಮಾರ್ಗಸೂಚಿ! ಅದು ಈ ರೂಮಿನವರೆಗೆ ಬರಲಿಲ್ಲ.

ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಡಯಾಬಿಟಿಸ್ ಇದೆ ಅಂತ ದಾಖಲೆಗೆ ಸೇರಿದರೆ ಮಾತ್ರ ಕಣ್ಣಿನ ಸ್ಕ್ರೀನಿಂಗ್‌ಗೆ ಕರೆ ಬರುತ್ತದೆ. ವರ್ಷಕ್ಕೊಮ್ಮೆ ಪಾದ ಪರೀಕ್ಷೆ ಮಾಡುತ್ತಾರೆ. ಮಾತ್ರೆ ತಗೊಳ್ಳುವ ಡಯಾಬಿಟಿಸ್‌ನವರಿಗೆ ಇಂಗ್ಲೆಂಡಿನಲ್ಲಿ ಪ್ರಿಸ್ಕ್ರಿಪ್ಶನ್ ಶುಲ್ಕವೂ ಇಲ್ಲ. ದಾಖಲೆಗೆ ಸೇರದಿದ್ದರೆ ಇದ್ಯಾವುದೂ ಇಲ್ಲ. ಕಣ್ಣಿನ ಹಿಂಭಾಗದ ಪರದೆಗೆ (ರೆಟಿನಾ) ತೊಂದರೆ ಶುರುವಾಗಿದ್ದರೂ ಮೊದಮೊದಲು ಗೊತ್ತೇ ಆಗಲ್ಲ. ತಿಂಗಳುಗಳು ಸುಮ್ನೆ ಕಳೆದುಹೋಗುತ್ತವೆ. ಆ ಫೈಲಿನ ಮೊದಲ ಪುಟ ಓದಿದ್ದರೆ ಇವತ್ತೇ ಶುರುವಾಗಬಹುದಿತ್ತು.

'ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ) ಮೇಲೆ ವಿಪರೀತ ಒತ್ತಡ ಇದೆ, ಡಾಕ್ಟರ್‌ಗಳು ಸುಸ್ತಾಗಿದ್ದಾರೆ, ಪುಕ್ಕಟೆ ಸಿಗುವಾಗ ಇಷ್ಟು ಸಹಿಸಬೇಕು' ಅಂತ ಕಾಮೆಂಟ್ ಹಾಕಲು ಹೊರಟವರಿಗೆ ಮೊದಲೇ ಹೇಳುತ್ತೇನೆ. ಒತ್ತಡ ನಿಜ. 1948ರಲ್ಲಿ ಶುರುವಾದ ಈ ವ್ಯವಸ್ಥೆಯ ಮೇಲೆ ನನಗೆ ತುಂಬಾ ಗೌರವ ಇದೆ. ತುರ್ತು ಚಿಕಿತ್ಸೆಗೆ ಹೋದರೆ ಮೊದಲು ದುಡ್ಡು ಕಟ್ಟಿ ಅನ್ನಲ್ಲ. ಅದು ದೊಡ್ಡ ಮಾತು. ಆದರೆ ಪುಕ್ಕಟೆ ಅನ್ನಬೇಡಿ. 2024ರ ಫೆಬ್ರವರಿಯಿಂದ ನಮ್ಮಂಥ ದೊಡ್ಡವರು ವೀಸಾ ಜೊತೆ ವರ್ಷಕ್ಕೆ ತಲಾ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟುತ್ತಿದ್ದೇವೆ. ವೀಸಾ ಎಷ್ಟು ವರ್ಷದ್ದೋ ಅಷ್ಟೂ ವರ್ಷದ್ದನ್ನು ಮೊದಲೇ ಕಟ್ಟಬೇಕು. ಸಂಬಳದಲ್ಲಿ ತೆರಿಗೆ ಬೇರೆ. ಇನ್ನು ಸಮಯದ ಮಾತು. ಎರಡು ನಿಮಿಷ ಓದಿದ್ದರೆ ಇನ್ನೊಂದು ಅಪಾಯಿಂಟ್‌ಮೆಂಟ್ ಉಳಿಯುತ್ತಿರಲಿಲ್ವಾ? ಹೊಸ ಪರೀಕ್ಷೆ ಬೇಡ ಅಂತಲ್ಲ, ಮಾಡಿಸಲಿ. ಹಳೆಯದನ್ನೂ ನೋಡಲಿ.

ವಾಪಸ್ ಬರುವಾಗ ಫಾರ್ಮಸಿಗೆ ಹೋದೆವು. ಅಲ್ಲಿನ ಹುಡುಗಿ ಫೈಲ್ ಈಸಿಕೊಂಡು ಕೌಂಟರ್ ಮೇಲೇ ಹರಡಿಕೊಂಡಳು. ಭಾರತದ ಚೀಟಿಗೆ ನಾನು ಮಾತ್ರೆ ಕೊಡುವ ಹಾಗಿಲ್ಲ ಅಂತ ಮೊದಲೇ ಹೇಳಿದಳು. ಆದರೆ ಒಂದು ಕಾಗದದಲ್ಲಿ ಪ್ರತಿ ಮಾತ್ರೆಯ ಜೆನೆರಿಕ್ ಹೆಸರು (ಕಂಪನಿಯ ಹೆಸರಲ್ಲ, ಒಳಗಿನ ಔಷಧಿಯ ಹೆಸರು), ಡೋಸ್ ಬರೆದಳು. ಪಕ್ಕದಲ್ಲೇ ಇಲ್ಲಿನ ಲೆಕ್ಕದಲ್ಲಿ ಎಚ್‌ಬಿಎ1ಸಿ ಹಾಕಿದಳು. ಇನ್ನು ಎಷ್ಟು ಮಾತ್ರೆ ಉಳಿದಿವೆ ಅಂತ ಕೇಳಿದಳು. ಇವತ್ತು ಆ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. ಅಕ್ಕನ ಮುಖದಲ್ಲಿ ಆಗಷ್ಟೇ ಸ್ವಲ್ಪ ಗೆಲುವು ಬಂತು.

ನನಗೆ ನಿಜವಾಗಿಯೂ ಭಯ ಆಗುತ್ತದೆ. ನನಗೆ ಇಂಗ್ಲಿಷ್ ಬರುತ್ತದೆ, ಜಗಳ ಆಡುವ ಧೈರ್ಯವೂ ಇದೆ. ಅದೂ ಇಲ್ಲದೆ ಒಬ್ಬರೇ ಹೋಗುವವರ ಗತಿ ಏನು?

ಹೊಸದಾಗಿ ಇಲ್ಲಿಗೆ ಬರುವವರು ಜೆನೆರಿಕ್ ಹೆಸರುಗಳ ಒಂದು ಪುಟ ಮಾಡಿಕೊಂಡೇ ಬನ್ನಿ. ಡಬಲ್ ಅಪಾಯಿಂಟ್‌ಮೆಂಟ್ (ಎರಡು ಪಟ್ಟು ಸಮಯ) ಕೊಡ್ತೀರಾ ಅಂತ ಫೋನ್‌ನಲ್ಲೇ ಕೇಳಿ. ದುಭಾಷಿ ಬೇಕಿದ್ದರೆ ಮುಂಚೆಯೇ ಹೇಳಿ, ಅದಕ್ಕೆ ದುಡ್ಡಿಲ್ಲ. ನಾನಂತೂ ನಾಳೆ ಬೆಳಿಗ್ಗೆ 8ಕ್ಕೆ ಸರ್ಜರಿಗೆ (ಜಿಪಿ ಕ್ಲಿನಿಕ್‌ಗೆ ಇಲ್ಲಿ ಹಾಗೇ ಅನ್ನುತ್ತಾರೆ) ಫೋನ್ ಮಾಡುತ್ತೇನೆ. ಅಕ್ಕನ ಮಾತ್ರೆ ಮುಗಿಯುವ ಮೊದಲು ಯಾರಾದರೂ ಆ ಫೈಲ್ ನೋಡಲೇಬೇಕು. ಹಳೆಯ ರಿಪೋರ್ಟ್ ಸ್ಕ್ಯಾನ್ ಮಾಡಿ ದಾಖಲೆಗೆ ಸೇರಿಸಿಕೊಂಡ ಜಿಪಿ ನಿಮಗ್ಯಾರಿಗಾದರೂ ಸಿಕ್ಕಿದ್ದರೆ, ಹೇಗೆ ಕೇಳಿ ಮಾಡಿಸಿಕೊಂಡಿರಿ ಅಂತ ದಯವಿಟ್ಟು ಇವತ್ತೇ ಬರೆಯಿರಿ.