ಕಿಟ್ ಬೀರುವಿನಲ್ಲಿದ್ದರೆ ಆಸಕ್ತಿ ಬರುತ್ತಾ?

"ಕಿಟ್ ಕೊಟ್ಟರೆ ಸಾಕು, ಮಕ್ಕಳಿಗೆ ಆಸಕ್ತಿ ತಾನಾಗಿ ಬರುತ್ತದೆ" ಅಂತ ಶಾಲೆಗಳಿಗೆ ಕೊಡುವ ಎಲೆಕ್ಟ್ರಾನಿಕ್ಸ್ ಕಿಟ್ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ ಸಾರ್. ಕೋಲಾರ ಜಿಲ್ಲೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಅಂತ ಶಾಲೆಗಳಲ್ಲಿ ತೆರೆಯುವ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಕೇಂದ್ರ ಸರ್ಕಾರದಿಂದ 20 ಲಕ್ಷ ರೂಪಾಯಿವರೆಗೆ ಅನುದಾನ ಇದೆ, ಸಂತೋಷ. ಆದರೆ ನಾನು ಮೊದಲಿದ್ದ ಶಾಲೆಯಲ್ಲಿ ಕಿಟ್ ಕಳೆದುಹೋಗುತ್ತೆ ಅಂತ ಬೀರುವಿಗೆ ಬೀಗ ಹಾಕಿ, ಇನ್‌ಸ್ಪೆಕ್ಷನ್ ದಿನ ಮಾತ್ರ ತೆಗೆಯುತ್ತಿದ್ದರು!

ನಮ್ಮ ಒಂಬತ್ತನೇ ಕ್ಲಾಸಿನವರು ಎರಡು ಮೊಳೆ, ಒಂದು BC547 ಟ್ರಾನ್ಸಿಸ್ಟರ್ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಬಿಡಿಭಾಗ), ಎಲ್‌ಇಡಿ, 9 ವೋಲ್ಟ್ ಬ್ಯಾಟರಿ ಇಟ್ಟುಕೊಂಡು ಮಣ್ಣಿನ ತೇವ ನೋಡುವ ಸರ್ಕ್ಯೂಟ್ ಮಾಡಿದರು. ಮೊದಲ ಎಲ್‌ಇಡಿ ಸುಟ್ಟುಹೋಯಿತು, ಕರೆಂಟ್ ತಗ್ಗಿಸುವ ರೆಸಿಸ್ಟರ್ ಹಾಕಿರಲಿಲ್ಲ. ಎಲ್‌ಇಡಿಗೆ 2 ವೋಲ್ಟ್ ಹೋದರೆ ಉಳಿದ 7ನ್ನು 20 ಮಿಲಿಆಂಪ್‌ನಿಂದ, ಅಂದರೆ 0.02 ಆಂಪ್‌ನಿಂದ, ಭಾಗಿಸಿ ಅಂದೆ, 350 ಓಮ್ ಬಂತು, ಅಂಗಡಿಯಲ್ಲಿ ಸಿಕ್ಕ 330ರದ್ದು ಹಾಕಿದರು. ಬೋರ್ಡಿನ ಮೇಲೆ ಬರೆದಾಗ ಓಮ್‌ನ ನಿಯಮ ಇಷ್ಟು ಬೇಗ ಯಾರ ತಲೆಗೂ ಹೋಗಿರಲಿಲ್ಲ.

ಆಮೇಲೆ ಟೊಮೇಟೊ ಬೆಳೆಯುವ ಮನೆಯ ಹುಡುಗಿಯೊಬ್ಬಳು, "ಸಾರ್, ಒದ್ದೆ ಇದ್ದಾಗ ಲೈಟ್ ಹತ್ತಿ ಏನು ಉಪಯೋಗ, ಒಣಗಿದಾಗ ಅಲ್ವಾ ಹತ್ತಬೇಕು?" ಅಂದಳು. ಯಾವ ಕಿಟ್‌ನಲ್ಲೂ ಈ ಪ್ರಶ್ನೆ ಬರೆದಿರಲ್ಲ. ಮೊಳೆಗಳನ್ನು ಟ್ರಾನ್ಸಿಸ್ಟರ್‌ನ ಬೇಸ್‌ಗೂ (ಅದನ್ನು ಆನ್ ಮಾಡುವ ಕಾಲು) ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಹಾಕಿ, ಪಾಸಿಟಿವ್‌ನಿಂದ ಬೇಸ್‌ಗೆ ದೊಡ್ಡ ರೆಸಿಸ್ಟರ್ ಕೊಟ್ಟು, ಅದನ್ನು ಉಲ್ಟಾ ಮಾಡೋಕೆ ಎರಡು ಪೀರಿಯಡ್ ಹಿಡಿಯಿತು. ಮೊಳೆ ಬೇಗ ತುಕ್ಕು ಹಿಡಿಯುತ್ತೆ, ಈಗ ಹಳೆ ಸೆಲ್‌ನ ಕಾರ್ಬನ್ ಕಡ್ಡಿ ಹಾಕಿ ನೋಡುತ್ತಿದ್ದಾರೆ.